ಬೇಲಿಯಾಚೆಯ ಅಂಜೂರ

ಹಿತ್ತಲಲ್ಲಿ ಅಂಜೂರದ ಗಿಡ ಇಟ್ಟುಕೊಂಡವನು ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ವರ್ಷಕ್ಕೊಮ್ಮೆ ಬೇಲಿ ಹಾರಿ ತಾನಾಗಿಯೇ ಬರುತ್ತದೆ. ಬೇಲಿಯ ಆಚೆ ಇನ್ನೊಂದು ಅಂಜೂರವಿದ್ದರೆ ವರ್ಷಕ್ಕೆ ಎರಡು ಸಲ ಬರುತ್ತದೆ. ಲಂಡನ್ನಿನ ದಕ್ಷಿಣದಂಚಿನ ಕ್ರೋಯ್ಡನ್‌ನಲ್ಲಿ ಏಳೆಂಟು ವರ್ಷ ಬರೆದ ನನ್ನ ಟಿಪ್ಪಣಿ ಪುಸ್ತಕವನ್ನು ಮೊನ್ನೆ ತಿರುವಿ ಹಾಕಿದೆ. ತಾಪಮಾನ, ಮಳೆ, ಎಲೆಗಳ ಎಣಿಕೆ ಎಲ್ಲ ಕ್ರಮವಾಗಿದೆ. ನಡುನಡುವೆ ಖಾಲಿ ಬಿಟ್ಟ ಸಾಲುಗಳಿವೆ. ಅವನ್ನು ಇಲ್ಲಿ ತುಂಬುತ್ತಿದ್ದೇನೆ.

೧. ಒಂದು ವಾಕ್ಯ

ಕ್ರೋಯ್ಡನ್‌ಗೆ ಟ್ರಾಮ್ ಬರುವ ಮೊದಲಿನ ಮಾತು. ನಾನು ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿ, ಇಲ್ಲಿಯ ಶಾಲೆಯೊಂದರ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆ. ಮದುವೆಯಾಗಿ ಒಂದೂವರೆ ವರ್ಷ. ನಮ್ಮ ಹಿತ್ತಲು ಮನೆಯ ಉತ್ತರಕ್ಕಿತ್ತು. ಬಿಸಿಲು ಅಲ್ಲಿಗೆ ಕಾಫಿಯನ್ನೂ ಕುಡಿಯದೆ ಹೊರಡುವ ನೆಂಟನ ಹಾಗೆ ಬಂದು ಹೋಗುತ್ತಿತ್ತು.

ಬೇಲಿಯ ಆಚೆ, ಹಿಂದಿನ ರಸ್ತೆಯ ಮನೆಯಲ್ಲಿ, ಕುಂದಾಪುರದ ದಂಪತಿ ಇದ್ದರು. ಗಂಡ ಈಸ್ಟ್ ಹ್ಯಾಮ್‌ನ ಹೋಟೆಲೊಂದರಲ್ಲಿ ಅಡಿಗೆಯವರು. ಎಲ್ಲರೂ ಅವರನ್ನು ಭಟ್ರು ಅನ್ನುತ್ತಿದ್ದರು, ನಾವೂ ಅಂದೆವು. ಅವರ ಮನೆಯ ಹಿಂಗೋಡೆ ದಕ್ಷಿಣಕ್ಕೆ ಮುಖ ಮಾಡಿ ದಿನವಿಡೀ ಬಿಸಿಲು ಕುಡಿಯುತ್ತಿತ್ತು. ಅದಕ್ಕೆ ಒರಗಿಕೊಂಡು ಒಂದು ಅಂಜೂರದ ಮರ.

ಮೊದಲ ಆಗಸ್ಟಿನಲ್ಲಿ ಭಟ್ರು ಬೇಲಿಯ ಮೇಲಿಂದ ಒಂದು ಬಟ್ಟಲು ಚಾಚಿದರು. ಆರು ಹಣ್ಣು. ನನ್ನ ಹೆಂಡತಿ ಒಂದನ್ನು ತಿಂದು ಕಣ್ಣು ಮುಚ್ಚಿದಳು.

"ಇಂಥ ಹಣ್ಣು ನಾನು ಜನ್ಮದಲ್ಲಿ ತಿಂದಿಲ್ಲ" ಅಂದಳು.

ಆ ಒಂದೂವರೆ ವರ್ಷದಲ್ಲಿ ನಾನು ಮಾಡಿದ ಯಾವುದಕ್ಕೂ ಅವಳು "ಪರವಾಗಿಲ್ಲ" ಎನ್ನುವುದಕ್ಕಿಂತ ಮೇಲೆ ಹೋಗಿರಲಿಲ್ಲ. ಆ ವಾಕ್ಯ ನನಗೆ ಬೇಕು ಅನ್ನಿಸಿತು. ನಮ್ಮ ಹಿತ್ತಲಿನ ಹಣ್ಣಿಗೆ, ಅದೇ ಕಣ್ಣು ಮುಚ್ಚಿಕೊಂಡು. ಪುಸ್ತಕ ತಂದು ಬೇಲಿಯ ಹತ್ತಿರ ನಿಂತೆ.

"ಭಟ್ರೇ, ಯಾವ ತಳಿ?"

"ಗೊತ್ತಿಲ್ಲ ಮಾರಾಯ್ರೆ. ಮನೆಯಲ್ಲಿ ಮೊದಲಿದ್ದವರು ನೆಟ್ಟದ್ದು."

"ಗೊಬ್ಬರ?"

"ಎಂತದೂ ಇಲ್ಲ. ಅಕ್ಕಿ ತೊಳೆದ ನೀರು ಚೆಲ್ಲೂದು, ಅಷ್ಟೇ."

"ಎಷ್ಟು ಲೀಟರ್?"

ಭಟ್ರು ಯೋಚಿಸಿದರು. "ಅವತ್ತು ಎಷ್ಟು ಅನ್ನ ಬೇಕೋ ಅಷ್ಟು."

ಪುಸ್ತಕದಲ್ಲಿ ಬರೆದೆ: ರುಚಿ, ಹತ್ತಕ್ಕೆ ಒಂಬತ್ತು. ಒಂದು ಮಾರ್ಕು ಕಳೆದದ್ದಕ್ಕೆ ಕಾರಣ, ಭಟ್ರು.

೨. ಹನ್ನೆರಡು ಕಡ್ಡಿ

ಒಂದು ಕಡ್ಡಿ ಕೊಡಿ ಎಂದು ಭಟ್ರನ್ನು ಕೇಳಬಹುದಿತ್ತು. ಕೇಳಿದರೆ ಅವರ ಮರ ಚೆನ್ನಾಗಿದೆ ಎಂದು ಒಪ್ಪಿದಂತೆ. ಹಾಗಾಗಿ ಕಾದೆ.

ಅಂಜೂರದ ಕಡ್ಡಿಯನ್ನು ಎಲೆ ಉದುರಿ ಮರ ಮಲಗಿರುವಾಗ ತೆಗೆಯಬೇಕು. ಫೆಬ್ರವರಿಯಲ್ಲಿ ಭಟ್ರು ಓಡಾಟಕ್ಕೆ ಅಡ್ಡ ಬಂದ ಕೆಳಗಿನ ಎರಡು ಕೊಂಬೆ ಕಡಿದು, ಕೌನ್ಸಿಲ್ಲಿನ ಕಸದ ಲಾರಿಗೆಂದು ಮುಂದಿನ ಗೇಟಿನ ಹೊರಗೆ ಹಾಕಿದರು. ಮರುದಿನ ಬೆಳಿಗ್ಗೆ ಕೋಟಿನ ಕಾಲರ್ ಎತ್ತಿಕೊಂಡು ಆ ರಸ್ತೆಗೆ ಹೋದೆ. ಪೆನ್ಸಿಲ್ ದಪ್ಪ, ಗೇಣುದ್ದ, ನಾಲ್ಕಕ್ಕೆ ಕಡಿಮೆಯಿಲ್ಲದ ಗಿಣ್ಣು. ಹೀಗೆ ಆರಿಸಿ ಹನ್ನೆರಡು ಕಡ್ಡಿ ಕೋಟಿನೊಳಗೆ ಸೇರಿಸಿದೆ. ತಲೆ ಎತ್ತಿದರೆ ಮಹಡಿಯ ಕಿಟಕಿಯಲ್ಲಿ ಭಟ್ರ ಹೆಂಡತಿ.

"ಚಳಿ" ಅಂದೆ. ಬೇರೆ ಮಾತು ಹೊಳೆಯಲಿಲ್ಲ. ಅವರು ಬಹಳ ನೊಂದವರಂತೆ ತಲೆಯಾಡಿಸಿದರು.

ಸಂಜೆ ಬಾಗಿಲು ಬಡಿದ ಸದ್ದು. ಭಟ್ರು. ಒಂದು ಕೈಯಲ್ಲಿ ಕರೆಂಟಿನ ಹೀಟರ್, ಇನ್ನೊಂದರಲ್ಲಿ ಸಾರಿನ ಪಾತ್ರೆ.

"ಎಂತ ಮಾರಾಯ್ರೆ, ಹೀಟಿಂಗ್ ಕೆಟ್ಟದ್ದನ್ನು ನಮಗೆ ಹೇಳ್ಬಾರದಾ? ಓದಿದವರು ರಸ್ತೆಯಲ್ಲಿ ಸೌದೆ ಹೆಕ್ಕೂದಾ?"

ನನ್ನ ಹೆಂಡತಿ ಬೆಚ್ಚಗಿನ ನಡುಮನೆಯಲ್ಲಿ ತೆಳು ಸೀರೆಯಲ್ಲಿ ನಿಂತಿದ್ದಳು. ಬಾಯಿ ತೆರೆದಳು. ನಾನು ಮೊದಲೇ ಹೇಳಿಬಿಟ್ಟೆ: "ಸಂಕೋಚ ಆಯ್ತು ಭಟ್ರೇ."

ಒಂದು ವಾರ ದಿನಾ ಸಾರು ಬಂತು. ಕೊಟ್ಟ ಹೀಟರ್ ಉರಿಸದಿದ್ದರೆ ಸುಳ್ಳಾಗುತ್ತದೆಂದು ಹಿಂದಿನ ಕೋಣೆಯಲ್ಲಿ, ಕಡ್ಡಿ ನೆಟ್ಟ ಕುಂಡಗಳಿದ್ದ ಹಲಗೆಯ ಕೆಳಗೆ ಇಟ್ಟೆ. ನಾಲ್ಕು ವಾರಕ್ಕೆ ಹನ್ನೆರಡರಲ್ಲಿ ಒಂಬತ್ತು ಕಡ್ಡಿ ಬೇರು ಬಿಟ್ಟವು. ಪುಸ್ತಕದಲ್ಲಿ ಬರೆದೆ: ಯಶಸ್ಸಿಗೆ ಕಾರಣ, ಬೇರಿಗೆ ಕೆಳಗಿನಿಂದ ಸಿಕ್ಕಿದ ಶಾಖ.

ಶಾಖ ಯಾರ ಮನೆಯದು ಎಂದು ಬರೆಯಲಿಲ್ಲ.

೩. ಐದನೇ ನಂಬರು

ಒಂಬತ್ತು ಕುಂಡ, ಒಂಬತ್ತು ಬಗೆಯ ಮಣ್ಣು, ಒಂದರಿಂದ ಒಂಬತ್ತರವರೆಗೆ ನಂಬರು. ಯಾವ ಮಣ್ಣು ಒಳ್ಳೆಯದು ಎಂದು ಎರಡು ವರ್ಷದಲ್ಲಿ ತೀರ್ಮಾನವಾಗುವುದಿತ್ತು. ತೀರ್ಮಾನವನ್ನು ನನ್ನ ಹೆಂಡತಿ ಒಂದೇ ಬೇಸಿಗೆಯಲ್ಲಿ ಮಾಡಿದಳು.

ಇಲ್ಲಿ ಬ್ಲೌಸ್ ಪೀಸಿನ ವಿಷಯ ಹೇಳಬೇಕು. ನಮ್ಮ ಕಡೆಯ ಮನೆಗಳಲ್ಲಿ ಹೆಂಗಸರು ಬಂದರೆ ಅರಿಶಿನ ಕುಂಕುಮ ಕೊಟ್ಟು, ಎಲೆ ಅಡಿಕೆ ಹಣ್ಣಿನ ತಾಂಬೂಲದ ಜೊತೆ ಒಂದು ಬ್ಲೌಸ್ ಪೀಸ್ ಕೊಡುತ್ತಾರೆ. ಪಡೆದವರು ಅದನ್ನು ಹೊಲಿಸುವುದಿಲ್ಲ. ಮಡಿಕೆ ಬಿಚ್ಚದೆ ಮುಂದಿನ ಮನೆಗೆ ಕೊಡುತ್ತಾರೆ. ಎಲ್ಲರೂ ಹೀಗೆ ಮಾಡುತ್ತಾರೆ. ಮಾಡುತ್ತೇನೆಂದು ಯಾರೂ ಒಪ್ಪುವುದಿಲ್ಲ. ನಮ್ಮ ಪರಿಚಯದವರಲ್ಲಿ ಒಂದು ಹಸಿರು ಪೀಸ್ ಸುತ್ತುತ್ತಿತ್ತು. ಮೂಲೆಯಲ್ಲಿ ಎಣ್ಣೆಯ ಕಲೆ. ವರ್ಷಕ್ಕೆ ಎರಡು ಸಲ ನಮ್ಮ ಮನೆಗೆ ಬಂದು ಹೋಗುತ್ತಿತ್ತು.

ನನ್ನ ಹೆಂಡತಿಗೆ ಬೇಸರ ಬಂತು. ಬಂದವರಿಗೆಲ್ಲ ಬ್ಲೌಸ್ ಪೀಸಿನ ಬದಲು ಒಂದೊಂದು ಕುಂಡ ಕೊಟ್ಟಳು. ನಾನು ಶಾಲೆಯಲ್ಲಿದ್ದೆ.

"ಎಂಟು ಕೊಟ್ಟೆ ಕಣ್ರೀ. ನಿಮಗೆ ಅಂತ ಒಂದು ಉಳಿಸಿದೀನಿ."

"ಒಂಬತ್ತನೇದು. ಮೂರೇ ಎಲೆ ಇರೋದು."

"ಅದನ್ನ ಯಾರೂ ತಗೊಳ್ಳಲಿಲ್ಲ."

ಐದನೇ ನಂಬರು ಬೆಂಗಳೂರಿನ ಕಂಪ್ಯೂಟರ್ ಕೆಲಸದ ಹುಡುಗ ಹುಡುಗಿಯ ಪಾಲಾಯಿತು. ಹೊಸದಾಗಿ ಮದುವೆಯಾದವರು. ಮುಂದೆ ಉತ್ತರ ಲಂಡನ್ನಿನ ಕೊಲಿಂಡೇಲ್‌ನಲ್ಲಿ ನಾಲ್ಕನೇ ಮಹಡಿಯ ಫ್ಲಾಟಿಗೆ ಹೋದಾಗ ಅದನ್ನೂ ಲಿಫ್ಟಿನಲ್ಲಿ ಏರಿಸಿ, ಬಣ್ಣದ ಹಳೆ ಬಕೆಟ್ಟಿಗೆ ಬದಲಿಸಿ, ಬಾಲ್ಕನಿಯಲ್ಲಿಟ್ಟು ಮರೆತರು. ಒಂದು ಜುಲೈ ಭಾನುವಾರ ಫೋನ್ ಬಂತು.

"ಸರ್, ನೀವು ಬಾಟನಿ ಅಲ್ವಾ? ಗಿಡಕ್ಕೆ ಏನೋ ರೋಗ ಬಂದಿದೆ ಸರ್. ಹೂವೇ ಬಿಡಲಿಲ್ಲ. ಎಲೆ ಬುಡದಲ್ಲೆಲ್ಲ ಹಸಿರು ಗುಳ್ಳೆ ಎದ್ದಿದೆ."

ಅಂಜೂರದ ಹೂವು ಹೊರಗೆ ಕಾಣುವುದಿಲ್ಲ. ಕಾಯಿಯೊಳಗೇ ಇರುತ್ತದೆ. ಪುಸ್ತಕ ಹತ್ತಿರ ಎಳೆದುಕೊಂಡೆ.

"ಎಷ್ಟು ಗುಳ್ಳೆ?"

"ಹದಿನಾಲ್ಕು ಸರ್."

ನನ್ನ ಒಂಬತ್ತನೇ ನಂಬರಿನಲ್ಲಿ ಅವತ್ತಿಗೂ ಒಂದೇ ಒಂದು ಗುಳ್ಳೆ ಇರಲಿಲ್ಲ.

"ಈಗ ಏನು ಮಾಡಿದಿರಿ?"

"ಹರಡಬಾರದು ಅಂತ ಎಲ್ಲ ಕಿತ್ತು ಬಿನ್ನಿಗೆ ಹಾಕಿದ್ವಿ ಸರ್. ಸರಿ ಮಾಡಿದ್ವಿ ತಾನೇ?"

ವಿಜ್ಞಾನ ಓದಿದವನಾಗಿ ನಾನು ಕೊಡಬೇಕಾದ ಉತ್ತರ ಒಂದಿತ್ತು.

"ಒಳ್ಳೇ ಕೆಲಸ ಮಾಡಿದಿರಿ" ಅಂದೆ.

೪. ಮೂರು ಸೀರೆ

ನನ್ನ ಗಿಡ ನಿಧಾನವಾಗಿ ಎದೆಯೆತ್ತರ ಬಂತು. ಅಂಜೂರದ ಮರ ಚಳಿ ತಡೆಯುತ್ತದೆ. ತಡೆಯದಿರುವುದು ಕೊಂಬೆಗಳ ತುದಿ. ಬಟಾಣಿಯಷ್ಟು ಎಳೆಗಾಯಿ ಚಳಿಗಾಲವಿಡೀ ಅಲ್ಲೇ ಕೂತಿರುತ್ತದೆ. ಮುಂದಿನ ಬೇಸಿಗೆಯ ಹಣ್ಣು ಅದೇ. ತುದಿ ಹೋದರೆ ಆ ವರ್ಷದ ಹಣ್ಣು ಹೋಯಿತು.

ಡಿಸೆಂಬರಿನಲ್ಲಿ ಗಿಡದ ಸುತ್ತ ಒಣ ಎಲೆ ತುಂಬಿ, ಹೆಂಡತಿಯ ಮೂರು ಹಳೆ ಸೀರೆ ಸುತ್ತಿ, ನಡುವಿಗೆ ಹಗ್ಗ ಬಿಗಿದೆ. ಮಳೆ ಇಳಿಯದಿರಲೆಂದು ಮೇಲೊಂದು ಸಣ್ಣ ಬಕೆಟ್ ಕವುಚಿದೆ.

ಮೂರನೇ ದಿನ ಬಲಗಡೆ ಮನೆಯ ಇಂಗ್ಲಿಷ್ ಅಜ್ಜಿ ಬೆಲ್ ಒತ್ತಿದರು. ಕೈಯಲ್ಲಿ ಕಪ್-ಸಾಸರು.

"ಈ ಟೀ ನಿಮ್ಮ ಅತ್ತೆಯವರಿಗೆ, ಡಿಯರ್. ಭಾನುವಾರದಿಂದ ಹೊರಗೇ ನಿಂತಿದ್ದಾರೆ. ನಿಮ್ಮಲ್ಲಿ ಏನಾದರೂ ವ್ರತ ಇರಬಹುದು, ನಾನು ಕೇಳುವುದಿಲ್ಲ. ಆದರೆ ಇವತ್ತು ಹಿಮ ಬೀಳುತ್ತದಂತೆ."

ಅದು ಮರ ಎಂದು ವಿವರಿಸಿದೆ. ಹಿಂದಿನ ಬಾಗಿಲಿಗೆ ಕರೆದೊಯ್ದು ತೋರಿಸಿದೆ. ಅಜ್ಜಿ ನೋಡಿದರು. ನಂಬಿದಂತೆ ಕಾಣಲಿಲ್ಲ. ಟೀ ಇಟ್ಟು ಹೋದರು.

ಹೆಂಡತಿ ಅಡಿಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು.

"ಹೋದ ವರ್ಷ ನಮ್ಮಮ್ಮ ಬಂದಿದ್ರಲ್ಲ, ಚಳಿ ಚಳಿ ಅಂತಿದ್ರು. ಆವಾಗ ನೀವು ಏನಂದ್ರಿ, ನೆನಪಿದೆಯಾ?"

ನೆನಪಿತ್ತು. "ಕಿಟಕಿ ಹತ್ತಿರ ಕೂರಬೇಡಿ ಅಂದೆ."

"ಹೂಂ. ಈ ಅತ್ತೆಗೆ ಮೂರು ಸೀರೆ."

ಟೀ ಅವಳೇ ಕುಡಿದಳು. ಬೇಲಿಯ ಆಚೆ ಭಟ್ರ ಮರ ಮೈಮೇಲೆ ನೂಲಿಲ್ಲದೆ ನಿಂತಿತ್ತು. ಆರಾಮವಾಗಿತ್ತು.

೫. ಸಾಲದ ಬಿಸಿಲು

ಭಟ್ರ ಗೋಡೆಯ ಮೇಲೆ ನನ್ನ ಕಣ್ಣು ಬಿದ್ದು ಬಹಳ ದಿನವಾಗಿತ್ತು. ಒಂದು ಮಧ್ಯಾಹ್ನ ಅವರ ಹೆಂಡತಿಯ ಅನುಮತಿ ಪಡೆದು ಅದರ ಪಕ್ಕ ಥರ್ಮಾಮೀಟರ್ ನೇತುಹಾಕಿದೆ. ನಮ್ಮ ಹಿತ್ತಲಿಗಿಂತ ನಾಲ್ಕು ಡಿಗ್ರಿ ಹೆಚ್ಚು. ಅಂದರೆ ತಪ್ಪು ನನ್ನದಲ್ಲ, ಗೋಡೆಯದು. ಅವತ್ತು ಚೆನ್ನಾಗಿ ನಿದ್ದೆ ಬಂತು.

ಗೋಡೆ ಕಟ್ಟಲಾಗದಿದ್ದರೂ ಬಿಸಿಲನ್ನು ತಿರುಗಿಸಬಹುದು. ನಾಲ್ಕು ಹಲಗೆಗೆ ಅಡಿಗೆಮನೆಯ ಅಲ್ಯೂಮಿನಿಯಂ ಹಾಳೆ ಅಂಟಿಸಿ, ಶೆಡ್ಡಿನ ಮೇಲೆ ನಿಲ್ಲಿಸಿದೆ. ಕೋನ ಲೆಕ್ಕ ಹಾಕಿ, ಮಧ್ಯಾಹ್ನದ ಬಿಸಿಲು ನನ್ನ ಗಿಡದ ಮೇಲೆ ಬೀಳುವ ಹಾಗೆ ಮೊಳೆ ಹೊಡೆದೆ. ಮಾರನೆಯ ದಿನ ರಜೆಗೆಂದು ಊರಿಗೆ ಹೊರಟೆವು. ಮೂರು ವಾರ.

ಹಿಂತಿರುಗಿದಾಗ ಗಿಡ ಹೇಗಿತ್ತೋ ಹಾಗೇ ಇತ್ತು. ಭಟ್ರು ಬೇಲಿಯ ಹತ್ತಿರ ಕಾಯುತ್ತಿದ್ದರು, ಕೈಯಲ್ಲಿ ದೊಡ್ಡ ಬಟ್ಟಲು.

"ಕಾಣಿ ಮಾರಾಯ್ರೆ, ಈ ಸಲ ಹದಿನೈದು ದಿನ ಮೊದಲೇ ಹಣ್ಣಾಯ್ತು! ಎಂತ ಬಿಸಿಲು ಅಂತೀರಿ. ಮೂರು ಗಂಟೆಯ ಮೇಲೂ ಮರದ ಮೇಲೆ ಫಳಫಳ ಅಂತಿತ್ತು. ನಮ್ಮವಳು ಅಡಿಗೆಮನೆಯಲ್ಲಿ ಕಪ್ಪು ಕನ್ನಡಕ ಹಾಕ್ಕೊಂಡು ದೋಸೆ ಹೊಯ್ದದ್ದು."

ಶೆಡ್ಡಿನ ಕಡೆ ತಿರುಗಿ ನೋಡಿದೆ. ನಾಲ್ಕೂ ಹಲಗೆ ಗಾಳಿಗೆ ಮೊಳೆ ಸಡಿಲವಾಗಿ ತಿರುಗಿ, ಬೇಲಿಯ ಆಚೆಗೆ ಮುಖ ಮಾಡಿದ್ದವು.

"ಎಲ್ಲ ದೇವರ ದಯೆ" ಅಂದರು ಭಟ್ರು.

"ಹೌದು" ಅಂದೆ.

೬. ಮೊದಲ ಫಲ

ಮುಂದಿನ ವರ್ಷ ನನ್ನ ಗಿಡ ಒಂದು ಕಾಯಿ ಬಿಟ್ಟಿತು. ಭಟ್ರ ಹಣ್ಣು ಬರುವ ಮೊದಲೇ ಹೆಂಡತಿಯ ತಟ್ಟೆಯಲ್ಲಿ ನಮ್ಮದು ಇರಬೇಕು ಅನ್ನುವ ಆತುರ ನನ್ನದು. ಅಂಜೂರ ಕಿತ್ತ ಮೇಲೆ ಹಣ್ಣಾಗುವುದಿಲ್ಲ. ಇದು ನನಗೆ ಗೊತ್ತು. ಪುಸ್ತಕದ ಮೊದಲ ಪುಟದಲ್ಲೇ ನಾನೇ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಆದರೂ ಜುಲೈಯಲ್ಲೇ ಕಿತ್ತೆ. ತಟ್ಟೆಯಲ್ಲಿಟ್ಟು ಅವಳ ಮುಂದೆ ಸರಿಸಿದೆ. ಅದು ಏನೆಂದು ನಾನು ಹೇಳಲಿಲ್ಲ. ವಾಕ್ಯಕ್ಕಾಗಿ ಕಾದೆ.

ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಒಂದೇ ಸಿಕ್ತಾ? ಎಣ್ಣೆಗಾಯಿಗೆ ನಾಲ್ಕಾದರೂ ಬದನೆಕಾಯಿ ಬೇಕಿತ್ತು."

ಅದರ ಮುಂದಿನ ವರ್ಷ ಎರಡು ಹಣ್ಣು ಮರದಲ್ಲೇ ಮಾಗಿದವು. ತಿಂದು "ಪರವಾಗಿಲ್ಲ" ಅಂದಳು. ಆರು ಮಾರ್ಕು ಹಾಕಿದೆ.

೭. ನಾಲ್ಕನೇ ಹಣ್ಣು

ಈಗ ಹೇಳುವುದು ನನಗೆ ಎಲ್ಲಕ್ಕಿಂತ ಕಷ್ಟದ್ದು.

ಮರುವರ್ಷ ಮಾರ್ಚಿನಲ್ಲಿ ಭಟ್ರು ಬಟ್ಟೆ ಒಣಹಾಕುವ ಹಗ್ಗಕ್ಕೆ ತಾಗುತ್ತದೆಂದು ಕತ್ತರಿ ಹಿಡಿದು ಮರ ಹತ್ತಿದರು. ಎಲ್ಲ ಕೊಂಬೆಗಳ ತುದಿ, ಒಂದೂ ಬಿಡದೆ, ಕತ್ತರಿಸಿದರು. ಬಟಾಣಿಯಷ್ಟು ಎಳೆಗಾಯಿಗಳು ಹುಲ್ಲಿನ ಮೇಲೆ ಉದುರುವುದು ನನಗೆ ಬೇಲಿಯಿಂದ ಕಾಣುತ್ತಿತ್ತು. ಹೇಳಬೇಕಿತ್ತು. ಬಾಯಿ ತೆರೆದೆ.

"ಒಳ್ಳೆ ಹವೆ" ಅಂದೆ.

"ಹೌದು ಮಾರಾಯ್ರೆ" ಅಂದರು ಭಟ್ರು, ಇನ್ನೊಂದು ತುದಿ ಕತ್ತರಿಸುತ್ತ.

ನನ್ನ ಮರದಲ್ಲಿ ಏಳು ಕಾಯಿ ನಿಂತವು. ಕಾಗದದ ಚೀಟಿ ಮಳೆಗೆ ಕರಗುತ್ತದೆಂದು ಪ್ರತಿ ಕಾಯಿಯ ತೊಟ್ಟಿಗೂ ಬಿಳಿ ದಾರ ಕಟ್ಟಿದೆ. ಒಂದನೆಯದಕ್ಕೆ ಒಂದು ಗಂಟು, ಎರಡನೆಯದಕ್ಕೆ ಎರಡು, ಹೀಗೆ. ಒಂದು ಮತ್ತು ಎರಡನ್ನು ಹಕ್ಕಿ ತಿಂದಿತು. ಮೂರು ಮತ್ತು ಆರನ್ನು ಅಳಿಲು. ಐದು ಉದುರಿತು. ಏಳು ಕಲ್ಲಿನಂತೆ ಉಳಿಯಿತು. ನಾಲ್ಕು ಮಾತ್ರ ದಿನದಿನಕ್ಕೆ ಉಬ್ಬಿ, ಕಂದು ತಿರುಗಿ, ಸೆಪ್ಟೆಂಬರಿನ ಒಂದು ಗುರುವಾರ ಕತ್ತು ಬಗ್ಗಿಸಿತು. ಇನ್ನೆರಡು ದಿನ. ಶನಿವಾರ ಬೆಳಿಗ್ಗೆ ಕಿತ್ತು ಹೆಂಡತಿಯ ಮುಂದಿಡುವುದು ಎಂದು ನಿರ್ಧರಿಸಿದೆ. ಅವಳಿಗೆ ಹೇಳಲಿಲ್ಲ.

ಶುಕ್ರವಾರ ಗೌರಿ ಹಬ್ಬ. ನನಗೆ ಶಾಲೆಗೆ ರಜೆಯಿಲ್ಲ. ಐದು ಗಂಟೆಗೆ ಮನೆಗೆ ಬಂದರೆ, ಮೇಜಿನ ಮೇಲೆ ತಾಂಬೂಲದ ತಟ್ಟೆ. ವೀಳ್ಯದೆಲೆ, ಅಡಿಕೆ, ಎಣ್ಣೆ ಕಲೆಯ ಹಸಿರು ಬ್ಲೌಸ್ ಪೀಸ್. ಅದರ ಮೇಲೆ ಒಂದು ಅಂಜೂರ.

"ಎಲ್ಲಿಯದು?"

"ಭಟ್ರ ಮನೆಗೆ ಕುಂಕುಮಕ್ಕೆ ಹೋಗಿದ್ದೆ. ಅಕ್ಕ ಕೊಟ್ಟರು. ನೋಡಿ, ಹಣ್ಣಿಗೂ ಗೌರಿ ದಾರ ಕಟ್ಟಿದಾರೆ. ಎಷ್ಟು ಶ್ರದ್ಧೆ."

ತೊಟ್ಟಿನ ಸುತ್ತ ಅರಿಶಿನ ಮೆತ್ತಿದ ಹಳದಿ ದಾರ. ಅದನ್ನು ಕತ್ತರಿಸಿ ಭಕ್ತಿಯಿಂದ ಪಕ್ಕಕ್ಕಿಟ್ಟೆ.

ತುದಿ ಕತ್ತರಿಸಿದ ಮರದಲ್ಲಿ ಆ ವರ್ಷ ಹಣ್ಣು ಮಾಗುವುದಿಲ್ಲ. ಇದು ಶಾಸ್ತ್ರ. ಮೇಜಿನ ಮೇಲೆ ಹಣ್ಣಿದೆ. ಇದು ಭಟ್ರು. ಒಂದು ಕಡೆ ನಾನು ಐದು ವರ್ಷ ಓದಿದ ಸಸ್ಯಶಾಸ್ತ್ರ, ಇನ್ನೊಂದು ಕಡೆ ಅಕ್ಕಿ ತೊಳೆದ ನೀರು. ಶಾಸ್ತ್ರ ಸೋತಿತು ಎಂದು ಆ ಕ್ಷಣವೇ ಒಪ್ಪಿದೆ. ಬೇರೆ ಯಾವ ಸಾಧ್ಯತೆಯೂ ತಲೆಗೆ ಬರಲಿಲ್ಲ. 

ತೂಗಿದೆ: ಐವತ್ತೆಂಟು ಗ್ರಾಂ. ಎರಡು ಹೋಳು ಮಾಡಿದೆ. ಒಳಗೆ ಜೇನಿನ ಹೊಳಪು. ಹೆಂಡತಿ ತನ್ನ ಹೋಳು ತಿಂದು ಕಣ್ಣು ಮುಚ್ಚಿದಳು. ಬಹಳ ಹೊತ್ತು ತೆರೆಯಲಿಲ್ಲ.

"ಇಂಥ ಹಣ್ಣು ನಾನು ಜನ್ಮದಲ್ಲಿ ತಿಂದಿಲ್ಲ."

"ನೀನು ಮೊದಲೊಂದು ಸಲ ಹೀಗೇ ಅಂದಿದ್ದೆ."

"ಅದು ಹಾಗಲ್ಲ. ಇದು ಬೇರೆ."

ನಾನೂ ತಿಂದೆ. ಬೇರೆಯೇ. ಪುಸ್ತಕ ತೆಗೆದು ಬರೆದೆ: ಭಟ್ರ ಮರ, ಹತ್ತಕ್ಕೆ ಹತ್ತು. ಕಳೆಯಲು ಒಂದು ಮಾರ್ಕೂ ಸಿಗಲಿಲ್ಲ. ಆಮೇಲೆ, ಇಷ್ಟು ವರ್ಷ ಮಾಡದಿದ್ದ ಕೆಲಸ ಮಾಡಿದೆ. ಭಟ್ರಿಗೆ ಫೋನ್ ಮಾಡಿದೆ. ಹಬ್ಬವೆಂದು ಅವರು ಮನೆಯಲ್ಲಿದ್ದರು.

"ಭಟ್ರೇ, ನಿಮ್ಮ ಮರಕ್ಕೆ ಸಮ ಇಲ್ಲ. ಇವತ್ತಿನ ಹಣ್ಣು ತಿಂದೆ. ನಾನು ಸೋತೆ."

"ನಮ್ಮ ಮರದ್ದಾ?"

"ನಿಮ್ಮದೇ."

ಆಮೇಲೆ ಧ್ವನಿ ಅಗಲವಾಯಿತು. "ಅಲ್ಲದೆ ಮತ್ತೆ! ನಮ್ಮ ಮರ ಅಂದ್ರೆ ಎಂತ ಅಂತ ತಿಳಿದಿರಿ? ಕಡಿದಷ್ಟೂ ಬಿಡುವ ಜಾತಿ ಅದು."

ಫೋನ್ ಇಟ್ಟು ಹಿತ್ತಲಿಗೆ ಹೋದೆ. ನಾಲ್ಕನೇ ನಂಬರನ್ನು ಸುಮ್ಮನೆ ಒಮ್ಮೆ ನೋಡೋಣ ಎಂದು. ಕೊಂಬೆ ಇತ್ತು. ಎಲೆ ಇತ್ತು. ಹಣ್ಣಿರಲಿಲ್ಲ.

"ಕಳ್ಳ ಅಳಿಲು!" ಎಂದು ಕೂಗಿದೆ.

ಹೆಂಡತಿ ಬಾಗಿಲಿಗೆ ಬಂದಳು. "ಅದಾ? ಬೆಳಿಗ್ಗೆ ಕೊನೆ ಮನೆ ಟೀಚರಮ್ಮ ಬಂದಿದ್ರು. ತಾಂಬೂಲಕ್ಕೆ ಬಾಳೆಹಣ್ಣು ಮುಗಿದಿತ್ತು. ಕೈಯಿಟ್ಟೆ, ತಾನಾಗೇ ಬಂತು."

"ಅದು ನಿನಗೆ ಅಂತ ಇಟ್ಟಿದ್ದೆ!"

"ಹೇಳಬೇಕಲ್ಲ ರೀ! ನೀವು ಮರಕ್ಕೆ ಗಂಟು ಕಟ್ತೀರಿ, ಮನುಷ್ಯರಿಗೆ ಒಂದು ಮಾತು ಹೇಳೋದಿಲ್ಲ."

ಅವಳೇ ಟೀಚರಮ್ಮನಿಗೆ ಫೋನ್ ಮಾಡಿದಳು. ಧಾರವಾಡದವರು, ಧ್ವನಿ ದೊಡ್ಡದು. ಪಕ್ಕದಲ್ಲಿದ್ದ ನನಗೂ ಕೇಳಿಸಿತು.

"ಅಯ್ಯ, ಅದನ್ನ ನಾ ಎಲ್ಲಿ ತಿನ್ನಲಿ? ನನಗ ಶುಗರ್ ಐತಿ. ಜಿಪಿ ಡಾಕ್ಟ್ರು ಬೈತಾರ. ಹಣ್ಣು, ಬ್ಲೌಸ್ ಪೀಸು ಎಲ್ಲಾ ಹಂಗಽ ತಗೊಂಡು ಹೋಗಿ ಭಟ್ರ ಮನ್ಯಾಗ ಕೊಟ್ಟೆ. ಯಾರ ಮುಂದೂ ಹೇಳಬ್ಯಾಡ್ರಿ ಮತ್ತ."

ಇಬ್ಬರೂ ಮೇಜಿನ ಹತ್ತಿರ ಬಂದೆವು. ಹಳದಿ ದಾರ ಅಲ್ಲೇ ಇತ್ತು. ಗೌರಿ ದಾರಕ್ಕೆ ಹದಿನಾರು ಗಂಟು ಇರಬೇಕು. ಎಣಿಸಿದೆ.

ನಾಲ್ಕು.

ಹೆಂಡತಿ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡಳು. ಹತ್ತಕ್ಕೆ ಹತ್ತು ಎಂದು ಬರೆದದ್ದನ್ನು ಓದಿದಳು. ಹಿಂದಿನ ಪುಟ ತಿರುವಿ ನಮ್ಮ ಮರದ ಆರನ್ನೂ ಓದಿದಳು.

"ನಮ್ಮದು ಅಂತ ಗೊತ್ತಾಯ್ತಲ್ಲ. ಈಗ ನಾಲ್ಕು ಮಾರ್ಕು ಕಳೀತೀರಾ?"

ಅವಳು ನಕ್ಕಳು, ನಾನೂ ನಕ್ಕೆ. ನಗು ನಿಂತ ಮೇಲೆ, "ಆದರೂ ಆ ಮಾತು ನಿಜ ಕಣ್ರೀ. ಜನ್ಮದಲ್ಲಿ ತಿಂದಿಲ್ಲ" ಅಂದಳು. ಏಳೆಂಟು ವರ್ಷದ ಮೇಲೆ ವಾಕ್ಯ ನನ್ನ ಮನೆಗೆ ಬಂತು. ಆದರೆ ಫೋನಿನಲ್ಲಿ ಅದನ್ನು ಆಗಲೇ ದಾನ ಕೊಟ್ಟು ಕೂತಿದ್ದೆ.

ಬೆಳಿಗ್ಗೆ ಭಟ್ರಿಗೆ ಎಲ್ಲ ಹೇಳಿ, ಸೋಲನ್ನು ವಾಪಸು ಪಡೆಯುವುದೆಂದು ತೀರ್ಮಾನಿಸಿದೆ. ಶನಿವಾರ ಎದ್ದು ಹಿತ್ತಲಿಗೆ ಹೋದರೆ, ಬೇಲಿಯ ಆಚೆ ಏಣಿ. ಏಣಿಯ ಮೇಲೆ ಭಟ್ರು. ಗಣೇಶನ ಹಬ್ಬದ ಮಡಿಪಂಚೆ ಎತ್ತಿ ಕಟ್ಟಿ, ಅಂಜೂರದ ಎಲೆಗಳನ್ನು ಒಂದೊಂದಾಗಿ ಸರಿಸಿ ನೋಡುತ್ತಿದ್ದರು.

"ಎಂತ ಇಲ್ಲ ಮಾರಾಯ್ರೆ" ಅಂದರು ನಾನು ಕೇಳದಿದ್ದರೂ. "ಗಣಪತಿಗೆ ಒಂದು ಇಡುವ ಅಂತ. ಒಂದು ಇದ್ದಲ್ಲಿ ಇನ್ನೊಂದು ಇರೂದೇ ಅಲ್ವಾ?"

ಕೆಳಗೆ ಅವರ ಹೆಂಡತಿ ಏಣಿ ಹಿಡಿದು ನಿಂತಿದ್ದರು. ಹಣ್ಣು ಎಲ್ಲಿಂದ ಬಂತೆಂದು ಅವರಿಗೆ ಗೊತ್ತು. ಹೇಳಿದರೆ, ಟೀಚರಮ್ಮ ಕೊಟ್ಟ ತಾಂಬೂಲವನ್ನು ಹಾಗೇ ನಮಗೆ ದಾಟಿಸಿದ್ದೇನೆಂದು ಒಪ್ಪಿದಂತೆ. ಅವರು ನನ್ನನ್ನು ನೋಡಿದರು. ಬೇಡ ಎನ್ನುವ ಹಾಗೆ ತಲೆ ಅಲ್ಲಾಡಿಸಿದರು, ಗಂಡನಿಗೆ ಕಾಣದಷ್ಟು ಮೆಲ್ಲಗೆ. ನಾನು ಹೇಳಲು ತೆರೆದ ಬಾಯಿ ಮುಚ್ಚಿದೆ.

"ಮೇಲಿನ ಕೊಂಬೆಯಲ್ಲಿ ಇದ್ದೀತು" ಅಂದರು ಭಟ್ರು. "ಈ ಏಣಿ ಸಾಲೂದಿಲ್ಲ. ನಿಮ್ಮಲ್ಲಿ ಉಂಟಾ?"

ನಮ್ಮ ಏಣಿ ಭಟ್ರದಕ್ಕಿಂತ ಎರಡು ಅಡಿ ಉದ್ದ.

ತಂದುಕೊಟ್ಟೆ.